ಸೇತುವೆಯ ಮೇಲೆ ನಿಲ್ಲದ ಮಳೆ

ಮಧ್ಯಾಹ್ನ ಅಡಿಗೆಮನೆ ಕೆಲಸ ಮುಗಿಸಿ ಕೂತರೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ, ಅಲ್ಲವೇ? ಅದರೊಳಗೆ ಎಲ್ಲವೂ ಓಟ, ಗದ್ದಲ. ನೋಡಿ ಏಳುವಾಗ ದಣಿವು ಹೆಚ್ಚೇ ಆಗಿರುತ್ತದೆ. ಮನಸ್ಸು ತಣಿಸುವ ಚಲಿಸುವ ಚಿತ್ರವೊಂದನ್ನು ನಾವೇ ಮಾಡಿಕೊಂಡರೆ ಹೇಗೆ?

ಇದಕ್ಕೆ ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳು ಹೇಳಿ ಮಾಡಿಸಿದಂತಿವೆ. ಚಿತ್ರಗಾರ ಬರೆದುಕೊಟ್ಟದ್ದನ್ನು ಇನ್ನೊಬ್ಬ ಚೆರಿ ಮರದ ಹಲಗೆಯಲ್ಲಿ ಕೆತ್ತುತ್ತಿದ್ದ. ಬಣ್ಣಬಣ್ಣಕ್ಕೂ ಬೇರೆ ಹಲಗೆ. ಮತ್ತೊಬ್ಬ ಅದಕ್ಕೆ ಬಣ್ಣ ಬಳಿದು, ಕಾಗದ ಹಾಸಿ, ಹಿಂಬದಿಯನ್ನು ಉಜ್ಜಿ ಅಚ್ಚು ತೆಗೆಯುತ್ತಿದ್ದ. ಪದರದ ಮೇಲೆ ಪದರ ಕೂತು ಚಿತ್ರವಾಗುತ್ತಿತ್ತು. ಚಿತ್ರಕ್ಕೆ ಚಲನೆ ಕೊಡುವುದೂ ಹೀಗೆ ಪದರಗಳ ಕೆಲಸವೇ.

1857ರಲ್ಲಿ ಹಿರೋಶಿಗೆ ಎಂಬ ಕಲಾವಿದ ಎದೊ ನಗರದ, ಅಂದರೆ ಇಂದಿನ ಟೋಕಿಯೋದ, ಸೇತುವೆಯ ಮೇಲೆ ಸುರಿದ ಹಠಾತ್ ಮಳೆಯನ್ನು ಬರೆದ. ಮೇಲೆ ಕಪ್ಪು ಮೋಡ, ಸೇತುವೆಯ ಮೇಲೆ ಮೈ ಮುದುರಿಕೊಂಡು ಓಡುವ ಜನ, ಕೆಳಗೆ ಹೊಳೆಯಲ್ಲಿ ಒಬ್ಬನೇ ತೆಪ್ಪದವ. ವ್ಯಾನ್ ಗಾಗ್ 1887ರಲ್ಲಿ ಇದನ್ನೇ ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ತನ್ನಲ್ಲಿರುವ ಇಂಥ ಹಳೆಯ ಕೃತಿಗಳ ಚಿತ್ರಗಳನ್ನು 2017ರಿಂದ ಎಲ್ಲರ ಬಳಕೆಗೆ ಬಿಟ್ಟಿದೆ. ದುಡ್ಡು ಕೊಡಬೇಕಿಲ್ಲ.

ಮಾಡುವ ಕ್ರಮ

ಮಕ್ಕಳ ಕಂಪ್ಯೂಟರಿನಲ್ಲಿ ಕ್ರಿಟಾ ಎಂಬ ತಂತ್ರಾಂಶ ಹಾಕಿಸಿಕೊಳ್ಳಿ, ಅದೂ ಉಚಿತವೇ. ಚಿತ್ರವನ್ನು 1200 ಚುಕ್ಕೆ ಎತ್ತರಕ್ಕೆ ಇಳಿಸಿ ಕೆಳಗಿನ ಪದರವಾಗಿಡಿ. ಅದರ ಮೇಲೆ ಖಾಲಿ ಪದರವೊಂದನ್ನು ಇಟ್ಟು ತೆಳ್ಳಗೆ ಮಳೆಯ ಗೆರೆ ಎಳೆಯಿರಿ. ಉದ್ದ ಗೆರೆ ಬೇಡ. ಜಾರಿದರೂ ನಿಂತಂತೆಯೇ ಕಾಣುತ್ತದೆ. ತುಂಡು ತುಂಡಾಗಿರಲಿ, ಹಳೆಯ ಮಳೆಯ ಓರೆಗೇ ಹೊಂದಿರಲಿ. ಮೇಲಂಚು ಕೆಳಂಚುಗಳಿಗೆ ಗೆರೆ ತಾಗಬಾರದು.

ಈ ಗೆರೆಗಳ ನಕಲೊಂದನ್ನು ಸರಿಯಾಗಿ ಅದರ ತಲೆಯ ಮೇಲೆ ಜೋಡಿಸಿ. ಈಗ ಎರಡನ್ನೂ ಸೇರಿಸಿ ಪ್ರತಿ ಚಿತ್ರಕ್ಕೆ 10 ಚುಕ್ಕೆಯಷ್ಟು ಕೆಳಗೆ ಜಾರಿಸುತ್ತಾ ಹೋಗಿ. 120 ಚಿತ್ರಗಳಾಗುವಷ್ಟರಲ್ಲಿ ಮೇಲಿನ ನಕಲು ಮೊದಲಿನ ಜಾಗಕ್ಕೇ ಬಂದಿರುತ್ತದೆ. ಸೆಕೆಂಡಿಗೆ 12ರಂತೆ ಓಡಿಸಿದರೆ 10 ಸೆಕೆಂಡು. ಕೊನೆಯದು ಮೊದಲನೆಯದಕ್ಕೆ ಕೂಡಿಕೊಳ್ಳುವುದರಿಂದ ಮಳೆ ನಿಲ್ಲುವುದೇ ಇಲ್ಲ!

ಒಂದು ಮಾತು

ಇಷ್ಟಾದ ಮೇಲೆ ಸೇತುವೆಯ ಮೇಲಿನವರನ್ನೂ ಓಡಿಸೋಣ, ಮಿಂಚು ಹೊಡೆಸೋಣ ಅನ್ನಿಸುತ್ತದೆ. ಬೇಡ ಕಣ್ರೀ. ಅವರು ಓಡಿದರೆ ಕ್ಷಣದಲ್ಲಿ ಸೇತುವೆ ದಾಟುತ್ತಾರೆ, ಚಿತ್ರ ಬರಿದಾಗುತ್ತದೆ. ಎಲ್ಲವೂ ಅಲುಗಿದರೆ ಕಣ್ಣು ಬೆನ್ನಟ್ಟುತ್ತದೆ. ಒಂದೇ ಅಲುಗಿದರೆ ಕಣ್ಣು ಕೂತುಕೊಳ್ಳುತ್ತದೆ. ಚಿತ್ರಗಾರ, ಕೆತ್ತುವವ, ಅಚ್ಚು ಹಾಕುವವ ಮೂವರೂ ಪಟ್ಟ ಶ್ರಮಕ್ಕೆ ನಾವು ಕೊಡುವ ಮರ್ಯಾದೆಯೂ ಅದೇ.

ಪರದೆಯ ಬೆಳಕು ತಗ್ಗಿಸಿ, ಹಾಡು ಗೀಡು ಸೇರಿಸದೆ ಐದು ನಿಮಿಷ ನೋಡಿ. ಮೊದಲು ಮಳೆ ಕಾಣುತ್ತದೆ. ಆಮೇಲೆ ತೆಪ್ಪದವ ಕಾಣುತ್ತಾನೆ. ಕೊನೆಗೆ ನಿಮ್ಮ ಉಸಿರೂ ನಿಧಾನವಾಗಿರುವುದು ನಿಮಗೇ ತಿಳಿಯುತ್ತದೆ.