ಗೆರೆ ಎಳೆದರೆ ಸಡಿಲುವ ಗಂಟು

ಹುಲಿ, ಹಸು, ಹುಲ್ಲಿನ ಕಂತೆಯನ್ನು ಪುಟ್ಟ ದೋಣಿಯಲ್ಲಿ ಹೊಳೆ ದಾಟಿಸುವ ಒಗಟು ನಮ್ಮ ಮಕ್ಕಳಿಗೂ ಗೊತ್ತು. ಬಾಯಲ್ಲೇ ಬಿಡಿಸಲು ಹೊರಟವರು ತಡವರಿಸುತ್ತಾರೆ. ನೆಲದ ಮೇಲೆ ಎರಡು ದಡ ಗೀಚಿ, ಮೂರು ಕಲ್ಲಿಟ್ಟು ಸರಿಸಿ ನೋಡಿದವರು ದಾಟಿಬಿಡುತ್ತಾರೆ.

ಅಮೆರಿಕದ ಕಾನೂನು ಕಾಲೇಜು ಸೇರಬಯಸುವವರು ಬರೆಯುವ ಎಲ್‌ಸ್ಯಾಟ್ ಪರೀಕ್ಷೆಯಲ್ಲಿ ಈ ಗೀಚುವ ವಿದ್ಯೆಗೆಂದೇ ಒಂದು ಭಾಗವಿತ್ತು. ಕಾಗದದ ಮೇಲಿನ ಹೆಸರು ಅನಲಿಟಿಕಲ್ ರೀಸನಿಂಗ್. ಅಭ್ಯರ್ಥಿಗಳ ಬಾಯಲ್ಲಿ ಲಾಜಿಕ್ ಗೇಮ್ಸ್. 35 ನಿಮಿಷ, ನಾಲ್ಕು ಒಗಟು. ಒಂದೊಂದಕ್ಕೆ ಒಂಬತ್ತು ನಿಮಿಷವೂ ಸಿಗದು. ಕಾನೂನು ಏನೇನೂ ಗೊತ್ತಿರಬೇಕಿಲ್ಲ. ಕೊಟ್ಟ ನಿಯಮಗಳನ್ನು ಕೂಡಿಸಿ, ಯಾವುದು ಆಗಲೇಬೇಕು, ಯಾವುದು ಆಗಬಹುದು, ಯಾವುದು ಸಾಧ್ಯವೇ ಇಲ್ಲ ಎಂದು ಬೇರ್ಪಡಿಸಿದರಾಯಿತು.

ಹೆಚ್ಚಿನವು ಪರಿಚಿತ ಅಚ್ಚಿನವೇ: ಏಳು ಜನರನ್ನು ಸಾಲಾಗಿ ನಿಲ್ಲಿಸುವುದು, ಇಲ್ಲವೇ ಗುಂಪುಗಳಿಗೆ ಹಂಚುವುದು. ಬ್ಯಾಂಕ್ ಪರೀಕ್ಷೆಗೆ ಸೀಟಿಂಗ್ ಅರೇಂಜ್‌ಮೆಂಟ್ ಬಿಡಿಸಿದವರಿಗೆ ಇವು ದೂರದ ನೆಂಟರು. ಆದರೆ ಆಗೊಮ್ಮೆ ಈಗೊಮ್ಮೆ ಯಾವ ಅಚ್ಚಿಗೂ ಕೂರದ ಒಗಟು ಬರುತ್ತಿತ್ತು. 2016ರ ಸೆಪ್ಟೆಂಬರ್ ಪರೀಕ್ಷೆಯಲ್ಲಿ ಒಂದು ವೈರಸ್ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡಿತ್ತು. ಯಾರಿಂದ ಯಾರಿಗೆ ಎಂದು ಹುಡುಕಬೇಕಿತ್ತು. ಸಾಲೂ ಅಲ್ಲ, ಗುಂಪೂ ಅಲ್ಲ. ಅಚ್ಚುಗಳನ್ನು ಬಾಯಿಪಾಠ ಮಾಡಿ ಬಂದವರ ಕೈ ಅಲ್ಲೇ ನಿಂತಿತು.

ಪಳಗಿದವರ ಕೈ ಹೇಗೆ ಓಡುತ್ತಿತ್ತು? ಅದೇ ಜಾಡಿನಲ್ಲಿ ನಾನೊಂದು ಸಣ್ಣ ಒಗಟು ಕಟ್ಟುತ್ತೇನೆ. ಕ, ಚ, ಟ, ತ, ಪ ಎಂಬ ಐದು ಮನೆ. ಹೊರಗಿನಿಂದ ಒಂದು ಮನೆಗೆ ಸುದ್ದಿ ಬಂತು. ಉಳಿದ ಪ್ರತಿ ಮನೆಯೂ ಇವುಗಳಲ್ಲೇ ಇನ್ನೊಂದು ಮನೆಯಿಂದ ಒಂದೇ ಸಲ ಕೇಳಿತು. ಕ ಮತ್ತು ಚ ಮನೆಗಳಿಗೆ ಹೇಳಿದ್ದು ಒಂದೇ ಮನೆ. ಟ ಮನೆ ಸರಿಯಾಗಿ ಒಂದೇ ಮನೆಗೆ ಹೇಳಿತು. ಸುದ್ದಿ ಮೊದಲು ಬಂದದ್ದು ತ ಮನೆಗಾದರೆ, ಪ ಮನೆಗೆ ಹೇಳಿದವರು ಯಾರು?

ಅವಸರದವರು ಸಾಧ್ಯತೆಗಳನ್ನು ಒಂದೊಂದಾಗಿ ಎಣಿಸತೊಡಗುತ್ತಾರೆ. ಪಳಗಿದವರು ಮೊದಲು ಕೇಳಿಕೊಳ್ಳುವುದು ‘ಇಲ್ಲಿ ಚಲಿಸುವುದೇನು?’ ಎಂದು. ಸುದ್ದಿ. ಹಾಗಾದರೆ ಬಾಣ ಎಳೆಯಬೇಕು. ಎರಡನೆಯದು, ಎಲ್ಲಕ್ಕಿಂತ ಬಿಗಿಯಾದ ನಿಯಮ ಯಾವುದು? ಟ ಮನೆಯದು, ಅಲ್ಲಿಂದ ಹೊರಡುವುದು ಒಂದೇ ಬಾಣ. ಅದು ಕ ಮನೆಗೆ ಹೋದರೆ ಚ ಮನೆಗೂ ಹೋಗಬೇಕಾಗುತ್ತದೆ, ಬಾಣ ಎರಡಾಗುತ್ತದೆ. ಆದ್ದರಿಂದ ಅವೆರಡೂ ಇಲ್ಲ. ತ ಮನೆ ಹೊರಗಿನಿಂದಲೇ ಕೇಳಿಯಾಗಿದೆ. ಉಳಿದದ್ದು ಪ. ಉತ್ತರ: ಟ. ಉಳಿದ ಬಾಣಗಳು ಹೇಗಾದರೂ ಇರಲಿ, ಅವುಗಳ ಗೊಡವೆ ಬೇಡ. ಎಲ್ಲವನ್ನೂ ತಿಳಿಯದೆ ಕೇಳಿದ್ದನ್ನು ಮಾತ್ರ ಖಚಿತವಾಗಿ ಹೇಳುವ ಈ ಮಿತವ್ಯಯವೇ ಈ ಕಲೆಯ ಸೊಗಸು.

ಇದಕ್ಕೆ ತಯಾರಿಯೂ ಅಂಥದ್ದೇ. ನೂರು ಒಗಟುಗಳನ್ನು ಓಡುತ್ತ ಬಿಡಿಸುವುದಕ್ಕಿಂತ ಹಳೆಯ ಪ್ರಶ್ನೆಪತ್ರಿಕೆಯ ಒಂದು ವಿಚಿತ್ರ ಒಗಟನ್ನು ಗಡಿಯಾರವಿಲ್ಲದೆ ಬಿಡಿಸಬೇಕು. ವಾರ ಬಿಟ್ಟು ಖಾಲಿ ಹಾಳೆಯಲ್ಲಿ ಮತ್ತೆ ಬಿಡಿಸಬೇಕು. ಎರಡನೆಯ ಸಲ ಉತ್ತರ ನೆನಪಿದ್ದರೂ ಚಿಂತೆಯಿಲ್ಲ, ಯಾವ ಗೆರೆ ಮೊದಲು ಎಳೆಯಬೇಕಿತ್ತು ಎಂಬುದು ಆಗ ಕಾಣುತ್ತದೆ.

ಈ ಭಾಗ ಪರೀಕ್ಷೆಯಿಂದ ಹೋದದ್ದೂ ಗೆರೆಯ ಕಾರಣಕ್ಕೇ. ಚಿತ್ರ ಬರೆಯಲಾಗದ ಅಂಧ ಅಭ್ಯರ್ಥಿಗಳು ಇದು ತಮಗೆ ಅನ್ಯಾಯವೆಂದು ದಾವೆ ಹೂಡಿದರು, 2019ರಲ್ಲಿ ರಾಜಿಯಾಯಿತು. 2024ರ ಜೂನ್‌ನಲ್ಲಿ ಕೊನೆಯ ಬಾರಿ ಕಾಣಿಸಿಕೊಂಡ ಒಗಟುಗಳು ಆ ಆಗಸ್ಟ್‌ನಿಂದ ಇಲ್ಲ. ಕಣ್ಣಿಲ್ಲದವರ ಮುಂದೆ ಬಾಗಿಲು ಹಾಕುವ ಪರೀಕ್ಷೆ ಬದಲಾದದ್ದು ಸರಿಯೇ. ಹಳೆಯ ಪತ್ರಿಕೆಗಳು ಮಾತ್ರ ಉಳಿದಿವೆ. ಅಂಕದ ಹಂಗಿಲ್ಲದ ಒಂದು ಸಂಜೆ, ಪೆನ್ಸಿಲ್ ಹಿಡಿದು ಕೂರುವವರಿಗೆ ಅವು ಈಗಲೂ ಹುಲಿ, ಹಸು, ಹುಲ್ಲಿನ ಕಂತೆಯೇ.