ಸಣ್ಣ ಷೇರುದಾರನೂ ದೊಡ್ಡ ಹವಾಮಾನವೂ

“ಷೇರುದಾರನೇ ಬ್ಯಾಂಕಿನ ಒಡೆಯ” ಎಂದು ಅರ್ಥಶಾಸ್ತ್ರದ ಗುರುಗಳು ಪಾಠ ಹೇಳಿದ ದಿನ ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆನಾದರೂ ಒಳಗೊಳಗೆ ನಗು ಬಂದಿತು. ಏಕೆಂದರೆ ಅಂತಹ ಒಡೆಯರು ನಮ್ಮ ನೆಂಟರಲ್ಲಿಯೇ ಇದ್ದಾರೆ. ಅರಕಲಗೂಡು ತಾಲ್ಲೂಕಿನಲ್ಲಿ ಹೊಗೆಸೊಪ್ಪು ಬೆಳೆಯುವ ನಮ್ಮ ತಂದೆ ಊರಿನ ಸಹಕಾರ ಸಂಘದ ಷೇರುದಾರರು. ಹೊಳೆನರಸೀಪುರದ ಬಳಿ ಹೇಮಾವತಿ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ನಮ್ಮ ಭಾವನವರೂ ಹಾಗೆಯೇ. ಚನ್ನರಾಯಪಟ್ಟಣದ ಸೋದರಮಾವನಾದರೋ ಸ್ಟೇಟ್ ಬ್ಯಾಂಕಿನ 110 ಷೇರುಗಳ ಯಜಮಾನರು! ಈ ಮೂವರೂ ಒಂದೆಡೆ ಸೇರಿದರೆ ನಡೆಯುವ ವಾದ ಯಾವುದೆಂದು ವಾಚಕರು ಊಹಿಸಲಾರರು. ಅದು ಇಂಗ್ಲೆಂಡಿನ ರಾಜಕೀಯ ಮತ್ತು ಭೂಮಿಯ ಕಾವು. ಆ ವಾದವನ್ನು ವಿವರಿಸಿ, ಅದರಲ್ಲಿ ಯಾರ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ನನ್ನ ಅಲ್ಪಮತಿಗೆ ತೋಚಿದಂತೆ ತೂಗಿ ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಆ 110 ಷೇರುಗಳ ಕಥೆ. 1913ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಬ್ಯಾಂಕು ಸ್ಥಾಪಿತವಾಯಿತು. ಅದೇ ಮುಂದೆ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಆಯಿತು. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಮ್ಮ ತಾತ, “ನಮ್ಮ ರಾಜ್ಯದ ಬ್ಯಾಂಕು” ಎಂಬ ಅಭಿಮಾನದಿಂದ ಅದರ 50 ಷೇರುಗಳನ್ನು ಕೊಂಡಿದ್ದರು. 2017ರ ಏಪ್ರಿಲ್ 1ರಂದು ಅದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾದಾಗ 10 ಷೇರಿಗೆ 22ರಂತೆ ಬದಲಿ ಷೇರು ಕೊಟ್ಟರು. ಹೀಗೆ 50 ಹೋಗಿ 110 ಬಂದವು. ತಾತನ ತರುವಾಯ ಅವು ಮಾವನ ಪಾಲಿಗೆ ಬಂದಿವೆ. ಅವುಗಳನ್ನು ಮಾರಿ ನನ್ನನ್ನು ಮೈಸೂರಿನಲ್ಲಿ ಎಂ.ಎ. ಓದಿಸುವುದಾಗಿ ಮಾವ ಮಾತು ಕೊಟ್ಟಿದ್ದಾರೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಈ ವಾದದಲ್ಲಿ ನಾನು ಪಕ್ಷಪಾತವಿಲ್ಲದ ನ್ಯಾಯಾಧೀಶನಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕಳೆದ ಗೌರಿಹಬ್ಬಕ್ಕೆ ಎಲ್ಲರೂ ಹೊಳೆನರಸೀಪುರದ ಅಕ್ಕನ ಮನೆಯಲ್ಲಿ ಸೇರಿದ್ದೆವು. ಊಟವಾದ ಮೇಲೆ ಎಲೆಅಡಿಕೆಯ ತಟ್ಟೆ ಬಂದಿತು. ಅದರ ಹಿಂದೆಯೇ ವಾದವೂ ಬಂದಿತು.

“ಅಲ್ಲ ಭಾವ, ಇಂಗ್ಲೆಂಡಿನವರೇ ಹಿಂದಕ್ಕೆ ಹೆಜ್ಜೆ ಇಟ್ರು. ನಮ್ಮ ನಾರಾಯಣಮೂರ್ತಿಯವರ ಅಳಿಯನೇ ಪ್ರಧಾನಿಯಾಗಿದ್ದಾಗ ಪೆಟ್ರೋಲ್ ಕಾರು ಇನ್ನೂ ಐದು ವರ್ಷ ಇರಲಿ ಅಂದ. ನಮ್ಮ ಬ್ಯಾಂಕು ಮಾತ್ರ ಕಲ್ಲಿದ್ದಲಿಗೆ ಸಾಲ ಕೊಡಬಾರದು ಅಂದ್ರೆ ಯಾವ ನ್ಯಾಯ?” ಎಂದರು ಮಾವ.

“ಆ ಅಳಿಯನ ಹೆಸರು ಎತ್ತಬೇಡ ಕಣಯ್ಯ. ಈಗ ಹುಟ್ಟಿದ ಹುಡುಗರು ಮುಂದೆ ಯಾವ ಕಾಲಕ್ಕೂ ಬೀಡಿ ಸಿಗರೇಟು ಕೊಳ್ಳಬಾರದು ಅಂತ ಕಾನೂನು ತರೋಕೆ ಹೊರಟವನೂ ಅವನೇ. ನನ್ನ ಸೊಪ್ಪು ಯಾರು ಕೊಳ್ತಾರೆ?” ಎಂದರು ತಂದೆ.

“ಮಳೆಯೇ ಬರದಿದ್ದರೆ ಕಾರೂ ಇಲ್ಲ, ಸೊಪ್ಪೂ ಇಲ್ಲ. 2023ರಲ್ಲಿ ನಾಲೆ ಕಡೆ ಬಾಯಿ ಬಿಟ್ಕೊಂಡು ಕೂತವನು ನಾನು” ಎಂದರು ಭಾವನವರು.

ಮೂರು ಮಾತಿನಲ್ಲಿಯೂ ಸತ್ಯವಿದೆ. ಒಂದೊಂದನ್ನಾಗಿ ಪರಿಶೀಲಿಸೋಣ.

ಬ್ರಿಟನ್ನಿನ ಪಾರ್ಲಿಮೆಂಟು 2008ರಲ್ಲಿ ಹವಾಮಾನ ಬದಲಾವಣೆಯ ಕಾಯಿದೆಯನ್ನು ಮಾಡಿತು. ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಸುಡುವುದರಿಂದ ಇಂಗಾಲಾಮ್ಲ ಮುಂತಾದ ಅನಿಲಗಳು ವಾತಾವರಣದಲ್ಲಿ ಸೇರಿ ಭೂಮಿಯ ಕಾವು ಹೆಚ್ಚುತ್ತದೆ. ಇವನ್ನು 2050ರ ವೇಳೆಗೆ ನೂರಕ್ಕೆ 80 ಭಾಗ ತಗ್ಗಿಸಬೇಕೆಂದು ಆ ಕಾಯಿದೆ ವಿಧಿಸಿತು. 2019ರಲ್ಲಿ ತೆರೇಸಾ ಮೇ ಅವರ ಸರಕಾರ ಗುರಿಯನ್ನು ಇನ್ನೂ ಬಿಗಿಮಾಡಿತು: ಉಗುಳುವಷ್ಟನ್ನೇ ಹೀರಿ ಲೆಕ್ಕವನ್ನು ಸೊನ್ನೆಗೆ ತರಬೇಕು. ಇದನ್ನೇ ‘ನಿವ್ವಳ ಶೂನ್ಯ’ ಎನ್ನುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ರಿಷಿ ಸುನಕರು ಹೊಸ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ಮಾರಾಟ ನಿಲ್ಲಿಸುವ ವರ್ಷವನ್ನು 2030ರಿಂದ 2035ಕ್ಕೆ ಮುಂದೂಡಿದರು. ಮಾವ ಹೇಳುವುದು ಇದನ್ನೇ. ಆದರೆ ಮುಂದೂಡಿದ್ದು ದಾರಿಯ ಒಂದು ಮೈಲಿಗಲ್ಲನ್ನು, 2050ರ ಗುರಿಯನ್ನಲ್ಲ. 2024ರ ಜುಲೈನಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಪಕ್ಷ ಮತ್ತೆ 2030ನ್ನೇ ಹಿಡಿಯಿತು. ಅದೇ ವರ್ಷದ ಸೆಪ್ಟೆಂಬರ್ 30ರಂದು ಆ ದೇಶದ ಕೊನೆಯ ಕಲ್ಲಿದ್ದಲು ವಿದ್ಯುದಾಗಾರವೂ ಮುಚ್ಚಿತು. ಹಾಗೆಂದು ಮಾವನ ಮಾತು ಪೂರ್ತಿ ಸುಳ್ಳೂ ಅಲ್ಲ. 2025ರ ಅಕ್ಟೋಬರಿನಲ್ಲಿ ಕನ್ಸರ್ವೆಟಿವ್ ನಾಯಕಿ ಕೆಮಿ ಬೇಡನಾಕರು, ತಮ್ಮ ಪಕ್ಷ ಗೆದ್ದರೆ 2008ರ ಕಾಯಿದೆಯನ್ನೇ ರದ್ದುಮಾಡುವುದಾಗಿ ಸಾರಿದರು. ಒಂದು ಕಾಲಕ್ಕೆ ಎರಡು ಪಕ್ಷಗಳೂ ಕೂಡಿ ಎಳೆದ ತೇರು ಈಗ ಎರಡು ದಿಕ್ಕಿಗೆ ಜಗ್ಗುತ್ತಿದೆ.

ಅಲ್ಲಿನ ಬ್ಯಾಂಕುಗಳ ಕಥೆಯೂ ಹೀಗೆಯೇ. 2020ರ ಮೇ ತಿಂಗಳಿನಲ್ಲಿ ಬಾರ್ಕ್ಲೇಸ್ ಬ್ಯಾಂಕಿನ ವಾರ್ಷಿಕ ಸಭೆಯಲ್ಲಿ, ಕಲ್ಲಿದ್ದಲು ಮುಂತಾದವುಗಳಿಗೆ ಸಾಲವನ್ನು ಕ್ರಮೇಣ ನಿಲ್ಲಿಸಬೇಕೆಂದು ಕೆಲವು ಷೇರುದಾರರು ಗೊತ್ತುವಳಿ ತಂದರು. ಅದಕ್ಕೆ ಬಿದ್ದುದು ನೂರಕ್ಕೆ ಸುಮಾರು 24 ಮತ. ಗೊತ್ತುವಳಿ ಸೋತಿತು, ಆದರೆ ಅದರ ಒತ್ತಡದಿಂದ ಆಡಳಿತ ಮಂಡಳಿಯೇ ತನ್ನದೊಂದು ಗೊತ್ತುವಳಿಯನ್ನು ತಂದು ಪಾಸು ಮಾಡಿಸಿಕೊಂಡಿತು. ಸೋತವರೂ ಗೆದ್ದರೆಂದು ನಾವು ಹಿಗ್ಗುವಷ್ಟರಲ್ಲಿ ಗಾಳಿ ತಿರುಗಿತು. ‘ನಿವ್ವಳ ಶೂನ್ಯ’ಕ್ಕಾಗಿ 2021ರಲ್ಲಿ ಜಗತ್ತಿನ ಬ್ಯಾಂಕುಗಳು ಕಟ್ಟಿಕೊಂಡಿದ್ದ ಕೂಟವನ್ನು ಎಚ್‌.ಎಸ್‌.ಬಿ.ಸಿ.ಯೂ ಬಾರ್ಕ್ಲೇಸೂ 2025ರಲ್ಲಿ ಬಿಟ್ಟು ನಡೆದವು. ಆ ವರ್ಷದ ಅಕ್ಟೋಬರಿನಲ್ಲಿ ಕೂಟವೇ ಮುಚ್ಚಿತು.

ಇನ್ನು ನಮ್ಮ ಬ್ಯಾಂಕಿನ ವಿಷಯ. 2020ರ ನವೆಂಬರ್ 27ರಂದು ಸಿಡ್ನಿಯಲ್ಲಿ ಭಾರತ-ಆಸ್ಟ್ರೇಲಿಯ ಕ್ರಿಕೆಟ್ ಪಂದ್ಯ ನಡೆಯುತ್ತಿದ್ದಾಗ ಇಬ್ಬರು ಫಲಕ ಹಿಡಿದು ಮೈದಾನಕ್ಕೆ ನುಗ್ಗಿದ್ದನ್ನು ಕೆಲವರು ನೋಡಿರಬಹುದು. ಆ ಫಲಕ ಆಟಗಾರರಿಗಲ್ಲ, ನಮ್ಮ ಮಾವನ ಬ್ಯಾಂಕಿಗೆ! ಆಸ್ಟ್ರೇಲಿಯದ ಕಾರ್ಮೈಕೇಲ್ ಕಲ್ಲಿದ್ದಲು ಗಣಿಗಾಗಿ ಅದಾನಿ ಸಮೂಹಕ್ಕೆ ಸ್ಟೇಟ್ ಬ್ಯಾಂಕು ಸುಮಾರು 5,000 ಕೋಟಿ ರೂಪಾಯಿ ಸಾಲ ಕೊಡಲಿದೆ ಎಂಬ ಸುದ್ದಿ ಆಗ ಹಬ್ಬಿತ್ತು. ಸಾಲ ಕೊಟ್ಟರೆ ತನ್ನಲ್ಲಿರುವ ಸ್ಟೇಟ್ ಬ್ಯಾಂಕಿನ ‘ಹಸಿರು ಬಾಂಡು’ಗಳನ್ನು ಮಾರಿಬಿಡುವುದಾಗಿ ಫ್ರಾನ್ಸಿನ ಅಮುಂಡಿ ಎಂಬ ದೊಡ್ಡ ಹೂಡಿಕೆ ಸಂಸ್ಥೆ ಎಚ್ಚರಿಸಿತು. ಒಂದು ಕೈಯಲ್ಲಿ ಹಸಿರಿನ ಹೆಸರಿನಲ್ಲಿ ಹಣ ಎತ್ತಿ ಇನ್ನೊಂದು ಕೈಯಲ್ಲಿ ಗಣಿಗೆ ಕೊಡುವುದೆಂತು ಎಂಬುದು ಅವರ ಪ್ರಶ್ನೆ. ಗಣಿಯೇನೋ ನಿಲ್ಲಲಿಲ್ಲ. ಸ್ವಂತ ಬಂಡವಾಳದಿಂದಲೇ ಅದನ್ನು ತೆಗೆಯುವುದಾಗಿ ಕಂಪನಿ 2018ರಲ್ಲಿಯೇ ಹೇಳಿತ್ತು. 2021ರ ಕೊನೆಗೆ ಅಲ್ಲಿಂದ ಕಲ್ಲಿದ್ದಲು ಹೊರಟಿತು. ಆದರೆ ಪ್ಯಾರಿಸಿನ ಸಂಸ್ಥೆಗೆ ಕೇಳಲು ಸಾಧ್ಯವಾದ ಪ್ರಶ್ನೆಯನ್ನು ಚನ್ನರಾಯಪಟ್ಟಣದ ಒಡೆಯ ಏಕೆ ಕೇಳಲಿಲ್ಲ?

ಕಾರಣ ಸರಳ. ಸ್ಟೇಟ್ ಬ್ಯಾಂಕಿನ ಒಟ್ಟು ಷೇರುಗಳು ಸುಮಾರು 900 ಕೋಟಿ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೇಂದ್ರ ಸರಕಾರದವು. ಆ ಸಮುದ್ರದಲ್ಲಿ 110 ಎಂದರೆ ಒಂದು ಹನಿಯೂ ಅಲ್ಲ. ಸರಕಾರವನ್ನು ಬಿಟ್ಟು ಉಳಿದ ಷೇರುದಾರರು ನಾಲ್ವರವರೆಗೆ ನಿರ್ದೇಶಕರನ್ನು ಆರಿಸಬಹುದಾದರೂ ಅಲ್ಲಿಯೂ ದೊಡ್ಡ ಗಂಟಿನವರ ಮಾತೇ ಮಾತು. ಸಹಕಾರ ಸಂಘದ ಧರ್ಮವೇ ಬೇರೆ. ಅಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಹತ್ತು ಎಕರೆಯವನಿಗೂ ಒಂದು, ನಮ್ಮ ತಂದೆಗೂ ಒಂದು. ಈ ತತ್ತ್ವದ ಮೇಲೆ 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಮೊದಲ ಸಹಕಾರ ಸಂಘಗಳಲ್ಲೊಂದೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ಆದರೆ ಡಿವಿಡೆಂಡಿನ ಪ್ರಶ್ನೆ ಮಾವನಿಗೆ ಹನಿಯಲ್ಲ. 2024-25ರ ಸಾಲಿಗೆ ಬ್ಯಾಂಕು ಷೇರಿಗೆ 15 ರೂಪಾಯಿ 90 ಪೈಸೆ ಕೊಟ್ಟಿತು. 110ಕ್ಕೆ 1,749 ರೂಪಾಯಿ. ನನ್ನ ಹಾಸ್ಟೆಲಿನ ಒಂದು ಪಾಲಿನ ಖರ್ಚು ಅದರಿಂದ ತೂಗಿತು. “ಲಾಭ ಬರೋ ಕಡೆ ಸಾಲ ಕೊಡಲಿ, ನಿನಗೇ ಒಳ್ಳೆಯದಲ್ಲವೇನೋ?” ಎಂದು ಮಾವ ಕೇಳಿದಾಗ ನಾನು ತಲೆ ತಗ್ಗಿಸಿದೆ. ಆಮೇಲೆ ಲೆಕ್ಕ ತೆಗೆದು ನೋಡಿದೆ. 2017-18ರಲ್ಲಿ ಇದೇ ಬ್ಯಾಂಕಿಗೆ 6,547 ಕೋಟಿ ರೂಪಾಯಿ ನಷ್ಟ. ಆ ಸಾಲಿನಿಂದ ಮೂರು ವರ್ಷ ಷೇರುದಾರರಿಗೆ ಬಿಡಿಗಾಸೂ ಇಲ್ಲ. ದೊಡ್ಡ ದೊಡ್ಡ ಉದ್ಯಮಗಳಿಗೆ ಕೊಟ್ಟ ಸಾಲ ಹಿಂದಿರುಗದೆ ಹೋದುದೇ ಇದಕ್ಕೆ ಮುಖ್ಯ ಕಾರಣ. ದೊಡ್ಡವರ ಸಾಲ ಕೆಟ್ಟರೆ ಸಣ್ಣವರ ತಟ್ಟೆ ಬರಿದಾಗುತ್ತದೆ. ಇಂದು ಲಾಭವೆಂದು ಕೊಟ್ಟ ದೀರ್ಘಾವಧಿಯ ಕಲ್ಲಿದ್ದಲಿನ ಸಾಲ, ಇಪ್ಪತ್ತು ವರ್ಷದ ಮೇಲೆ ಕಾನೂನು ಬದಲಾಗಿ, ಗಾಳಿ-ಬಿಸಿಲಿನ ವಿದ್ಯುತ್ತು ಅಗ್ಗವಾಗಿ, ಕೆಟ್ಟ ಸಾಲವಾಗಬಹುದು. 2021ರ ನವೆಂಬರಿನಲ್ಲಿ ಬ್ರಿಟನ್ನಿನ ಗ್ಲಾಸ್ಗೋ ಸಮ್ಮೇಳನದಲ್ಲಿ ಭಾರತವೂ 2070ಕ್ಕೆ ನಿವ್ವಳ ಶೂನ್ಯ ಸಾಧಿಸುವುದಾಗಿ ಮಾತು ಕೊಟ್ಟಿದೆಯಲ್ಲವೆ? ಆದುದರಿಂದ ಇದು ಬರಿಯ ಪುಣ್ಯದ ಮಾತಲ್ಲ, ವ್ಯಾಪಾರದ ಮಾತೂ ಹೌದು.

ಇಷ್ಟು ಹೇಳಿ ನಾನು ಗೆದ್ದೆನೆಂದುಕೊಂಡಾಗ ನಮ್ಮ ತಂದೆಯ ಮಾತು ಅಡ್ಡ ಬಂದಿತು. “ಎಲ್ಲ ಸರಿಯಪ್ಪ. ಹೊಗೆ ನಿಲ್ಲಿಸಿ ಅಂತ ಯಾರಾದರೂ ಹೊರಟರೆ ಮೊದಲು ಯಾವ ಬಾಗಿಲು ತಟ್ತಾರೆ? ಗಣಿಯವನದೋ, ನನ್ನ ಬ್ಯಾರನ್ನಿನದೋ?”

ಇದಕ್ಕೆ ನನ್ನ ಪುಸ್ತಕದಲ್ಲಿ ಉತ್ತರವಿರಲಿಲ್ಲ. ವರ್ಜೀನಿಯ ಹೊಗೆಸೊಪ್ಪನ್ನು ಬ್ಯಾರನ್ನಿನಲ್ಲಿ ಕಟ್ಟಿ, ದಿನಗಟ್ಟಲೆ ಸೌದೆ ಉರಿಸಿ, ಆ ಕಾವಿನಿಂದ ಹದಮಾಡಬೇಕು. ಆಮೇಲೆ ಅದು ರಾಮನಾಥಪುರದ ಹರಾಜು ಕಟ್ಟೆಗೆ ಹೋಗುತ್ತದೆ. ಸೌದೆಗಾಗಿ ಎಷ್ಟು ಮರ ಬೀಳುತ್ತವೆಂದು ನಮ್ಮ ತಂದೆಗೂ ಗೊತ್ತು. ಬಿಟ್ಟುಬಿಡೋಣವೆಂದರೆ ಬ್ಯಾರನ್ನಿನ ಮೇಲೆ ಹೂಡಿದ ಹಣ, ಮೇಲಿನ ಸಾಲ! ಸುನಕರು 2023ರಲ್ಲಿ ಸಾರಿದ ತಂಬಾಕಿನ ಮಸೂದೆಯನ್ನು 2024ರ ನವೆಂಬರಿನಲ್ಲಿ ಲೇಬರ್ ಸರಕಾರ ಮತ್ತೆ ಮಂಡಿಸಿದಾಗ, 2009ರ ಜನವರಿ 1ರಿಂದೀಚೆಗೆ ಹುಟ್ಟಿದವರಿಗೆ ಮಾರಾಟ ನಿಷೇಧಿಸುವ ಆ ಸುದ್ದಿ ಓದಿ ಹೇಳಿದವನು ನಾನೇ. ತಂದೆ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಕಾಡು ಉಳಿಯಬೇಕು, ಶ್ವಾಸಕೋಶ ಉಳಿಯಬೇಕು, ನಿಜ. ಆದರೆ ಬದಲಾಗಲು ಬಡವನಿಗೆ ಬೇಕಾದ ಸಾಲ ಎಲ್ಲಿ?

ಇಲ್ಲಿಯೇ ಸಹಕಾರ ಸಂಘದ ಒಂದು ಮತಕ್ಕೆ ಬೆಲೆ ಬರುತ್ತದೆಂದು ನನ್ನ ನಂಬಿಕೆ. ರಾಜ್ಯ ಸರಕಾರ 2023ರ ಆಯವ್ಯಯದಲ್ಲಿ ರೈತರ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ ಹೇಳಿತು. ಆದರೆ ಅದು ಒಂದು ಬೆಳೆಯ ಸಾಲ. ಬೆಳೆಯನ್ನೇ ಬದಲಿಸಲು ಹಲವು ವರ್ಷಗಳ ಸಾಲ ಬೇಕು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದಾಗ ಸಂಘದ ಸಾಲ ಯಾರು ತೀರಿಸಿಯಾರು? ಮಾವನ ತೋಟದಲ್ಲಿ ಹಿಂದಿನ ಬರಗಳಲ್ಲಿ ಸುಳಿ ಒಣಗಿ ಸತ್ತ ತೆಂಗಿನ ಮರಗಳ ಬುಡಗಳು ಇನ್ನೂ ನಿಂತಿವೆ. ಮಳೆ ಕೆಟ್ಟರೆ ಸಂಘವೂ ಕೆಡುತ್ತದೆ. ಹಾಗಾದರೆ ಹವಾಮಾನದ ಚರ್ಚೆ ಸಂಘದ ವಾರ್ಷಿಕ ಸಭೆಗೆ ಹೊರಗಿನದು ಹೇಗಾದೀತು?

ಹಾಗೆಂದು ನಾಳೆಯೇ ಕಲ್ಲಿದ್ದಲು ನಿಲ್ಲಿಸಿರೆನ್ನುವುದೂ ಹುಡುಗಾಟವಾದೀತು. ನಮ್ಮ ದೇಶದ ವಿದ್ಯುತ್ತಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಭಾಗ ಅದರಿಂದಲೇ ಬರುತ್ತಿದೆ. ಭಾವನವರ ಪಂಪುಸೆಟ್ಟು ತಿರುಗುವುದೂ ಅದರಿಂದಲೇ. ಕೇಳಬೇಕಾದುದು ಇಷ್ಟೇ: ಹೊಸ ಸಾಲ ಯಾರಿಗೆ, ಎಷ್ಟು ವರ್ಷಕ್ಕೆ, ಕೆಟ್ಟರೆ ಹೊರುವವರು ಯಾರು? ಬ್ರಿಟನ್ನಿನಲ್ಲಿ ಪಕ್ಷ ಬದಲಾದಂತೆ ವರ್ಷಗಳು ಬದಲಾಗಬಹುದು. ಈ ಪ್ರಶ್ನೆಗಳು ಬದಲಾಗವು.

ಹೊರಡುವ ಮುನ್ನ ಮಾವನನ್ನು ಕೇಳಿದೆ: “ಷೇರು ಮಾರೋದು ಖಂಡಿತವೇ ಮಾವ?”

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನೂರು ಮಾರ್ತೀನಿ ಕಣೋ. ಹತ್ತು ಇರಲಿ. ವರ್ಷಕ್ಕೊಂದು ಸಭೆ ಕಾಗದ ಬರುತ್ತಲ್ಲ, ಒಂದು ಪ್ರಶ್ನೆ ಬರೆದುಕೊಡು, ಕೇಳೇ ಬಿಡೋಣ” ಎಂದರು. ನಮ್ಮ ತಂದೆ ನಕ್ಕು, “ಅದಕ್ಕೆ ಮುಂಚೆ ನಮ್ಮ ಸಂಘದ ಸಭೆಗೊಂದು ಬರೆದುಕೊಡಲಿ” ಎಂದರು.

ಎರಡನ್ನೂ ಬರೆದುಕೊಟ್ಟಿದ್ದೇನೆ. ಈ ಪತ್ರಿಕೆಯನ್ನು ಓದುವ ಸಹಪಾಠಿಗಳಲ್ಲಿ ಬಹುಮಂದಿಯ ತಂದೆತಾಯಿಯರು ಯಾವುದೋ ಒಂದು ಸಂಘದ ಷೇರುದಾರರಾಗಿರುತ್ತಾರೆ. ರಜೆಗೆ ಊರಿಗೆ ಹೋದಾಗ ಆ ಹಳೆಯ ಷೇರು ಪತ್ರವನ್ನು ಪೆಟ್ಟಿಗೆಯಿಂದ ತೆಗೆದು, ಈ ವರ್ಷದ ಸಭೆ ಯಾವತ್ತೆಂದು ಒಮ್ಮೆ ವಿಚಾರಿಸಬೇಕೆಂದು ಅವರಲ್ಲಿ ನನ್ನ ಬಿನ್ನಹ.