ಓಡುವ ಗರಗಸ, ನಿಂತ ಗರಗಸ: ಮಾಂಸದಂಗಡಿಯ ಶುಚಿತ್ವದ ಬಗ್ಗೆ

ಊರಿನ ಮಟನ್ ಅಂಗಡಿಯಲ್ಲಿ ಮರದ ದಿಮ್ಮಿಯ ಮೇಲೆ ಮಚ್ಚಿನ ಏಟು ಬೀಳುವ ಸದ್ದು ಕೇಳಿ ಬೆಳೆದವರು ನಮ್ಮಲ್ಲಿ ಅನೇಕರಿದ್ದಾರೆ. ಅಮೆರಿಕಕ್ಕೆ ಬಂದ ಮೇಲೆ ಹಲಾಲ್ ಅಂಗಡಿಯಲ್ಲಾಗಲಿ, ದೊಡ್ಡ ಗ್ರೋಸರಿಯ ಮಾಂಸ ವಿಭಾಗದಲ್ಲಾಗಲಿ ಕೇಳಿಸುವುದು ಗರಗಸದ ಸದ್ದು. ಮಂಜುಗಟ್ಟಿದ ಮೇಕೆಯ ತೊಡೆಯನ್ನು ಕೆಲಸಗಾರ ಗರಗಸಕ್ಕೆ ಒಡ್ಡುತ್ತಾನೆ. ನೋಡನೋಡುತ್ತಿದ್ದಂತೆ ಒಂದೇ ಅಳತೆಯ ತುಂಡುಗಳು ಸಿದ್ಧ. ಮನೆಗೆ ತಂದು ಬಿಚ್ಚಿದರೆ ತುಂಡುಗಳ ಮೇಲೆ ಬೂದುಬಿಳುಪಿನ, ಹಿಟ್ಟಿನಂಥ ಲೇಪ. ಮಚ್ಚು ಮೂಳೆಯನ್ನು ಒಡೆದು ಚಕ್ಕೆ ಎಬ್ಬಿಸುತ್ತದೆ. ಗರಗಸ ಮೂಳೆಯನ್ನು ಕೊರೆದು ಪುಡಿ ಮಾಡುತ್ತದೆ. ಆ ಪುಡಿ ಮಾಂಸಕ್ಕೆ ಅಂಟಿದಂತೆ ಗರಗಸಕ್ಕೂ ಅಂಟುತ್ತದೆ. ದಿನವಿಡೀ ಓಡುವ ಈ ಯಂತ್ರವನ್ನು ಶುಚಿಯಾಗಿ ಇಡುವುದು ಹೇಗೆ ಎಂಬುದು ಈ ಲೇಖನದ ವಿಷಯ.

ಕೊಳೆ ಸೇರುವ ಬಗೆ

ಅಂಗಡಿಗಳಲ್ಲಿ ಕಾಣುವುದು ಬ್ಯಾಂಡ್ ಸಾ ಎಂಬ ಪಟ್ಟಿ ಗರಗಸ. ಮೇಲೊಂದು, ಕೆಳಗೊಂದು ಚಕ್ರ. ಅವೆರಡನ್ನೂ ಬಳಸಿ ಸುತ್ತುವ, ಕೊನೆಮೊದಲಿಲ್ಲದ ಉಕ್ಕಿನ ಹಲ್ಲುಪಟ್ಟಿ. ದೊಡ್ಡ ಯಂತ್ರಗಳಲ್ಲಿ ಪಟ್ಟಿಯ ಉದ್ದ ಮೂರು ಮೀಟರಿಗೂ ಮಿಕ್ಕಿರುತ್ತದೆ, ವೇಗ ಸೆಕೆಂಡಿಗೆ 15 ಮೀಟರ್ ಆಸುಪಾಸು. ಅಂದರೆ ಒಂದೊಂದು ಹಲ್ಲೂ ಸೆಕೆಂಡಿಗೆ ನಾಲ್ಕೈದು ಬಾರಿ ಮಾಂಸವನ್ನು ಹಾದುಹೋಗುತ್ತದೆ. ಪಟ್ಟಿಯ ಯಾವುದೋ ಒಂದು ಕಡೆ ಅಂಟಿದ ಕೊಳೆ ಮುಂದಿನ ತುಂಡಿಗೆಲ್ಲ ಹರಡಲು ಕ್ಷಣ ಸಾಕು.

ಮೂಳೆಪುಡಿ ಒಣ ಪುಡಿಯಲ್ಲ. ಅದರಲ್ಲಿ ಮಜ್ಜೆ, ರಕ್ತ, ಕೊಬ್ಬು ಎಲ್ಲವೂ ಬೆರೆತಿರುತ್ತವೆ. ಪಟ್ಟಿ ಇದನ್ನು ಹೊತ್ತು ಕೆಳಗಿಳಿದು ಚಕ್ರಕ್ಕೆ ಒತ್ತಿಕೊಂಡಾಗ ಅದು ಚಕ್ರದ ಮೈಗೆ ಪದರವಾಗಿ ಕೂರುತ್ತದೆ. ಇದರಿಂದ ಮೂರು ತೊಂದರೆ. ಒಂದು, ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಆಹಾರ ಸಿಗುತ್ತದೆ. ಎರಡು, ಪುಡಿ ಬಳಿದುಕೊಂಡ ಮಾಂಸ ಬೇಗ ಬಣ್ಣಗೆಟ್ಟು ಹಳಸುತ್ತದೆ. ಮೂರು, ಚಕ್ರದ ಮೈ ಏರುಪೇರಾಗಿ ಪಟ್ಟಿ ದಾರಿ ತಪ್ಪುತ್ತದೆ. ಇದು ಕೆಲಸಗಾರನಿಗೇ ಅಪಾಯ.

ಓಡುತ್ತಿರುವಾಗ ಶುಚಿ ಮಾಡುವುದು ಯಾರು?

ಯಂತ್ರವೇ ಮಾಡಬೇಕು, ಮನುಷ್ಯನ ಕೈಯಲ್ಲ. ಇಡೀ ವಿಷಯದ ತಿರುಳು ಇಷ್ಟೇ. ಪಟ್ಟಿಯ ಎರಡೂ ಬದಿಗೆ, ಚಕ್ರಗಳ ಮೈಗೆ ತಾಗಿದಂತೆ ಸ್ಕ್ರೇಪರ್ ಎಂಬ ಕೆರೆಯುವ ತುಣುಕುಗಳಿರುತ್ತವೆ. ದೋಸೆಹೆಂಚನ್ನು ಮೊಗಚೆಕೈಯಿಂದ ಕೆರೆದಂತೆ ಇವು ತಿರುಗುವ ಲೋಹದಿಂದ ಪುಡಿ, ಕೊಬ್ಬನ್ನು ಬಿಡಿಸಿ ಕೆಳಗಿನ ತಟ್ಟೆಗೆ ಬೀಳಿಸುತ್ತವೆ. ಇವು ಸವೆಯುವ ವಸ್ತುಗಳು. ಸವೆದು ಸಂದು ಬಿಟ್ಟರೆ ಇದ್ದೂ ಇಲ್ಲದಂತೆ. ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್‌ನವು ತಾವೇ ಸವೆದು ಮಾಂಸಕ್ಕೆ ಚೂರು ಬೆರೆಸಬಹುದು. ಆದ್ದರಿಂದ ದಿನದ ಕೆಲಸಕ್ಕೆ ಮುನ್ನ ಇವನ್ನು ಪರೀಕ್ಷಿಸುವುದು, ತುಂಬಿದ ತಟ್ಟೆಯನ್ನು ಯಂತ್ರ ನಿಲ್ಲಿಸಿ ಬರಿದು ಮಾಡುವುದು ಮುಖ್ಯ.

ಇನ್ನೊಂದು ಸಹಾಯ ಚಳಿಯದು. ಬೆಚ್ಚಗಿನ ಕೊಬ್ಬು ಬೆಣ್ಣೆಯಂತೆ ಬಳಿದುಕೊಳ್ಳುತ್ತದೆ. ತಣ್ಣಗಿನ ಕೊಬ್ಬು ಗಟ್ಟಿಯಾಗಿದ್ದು ತರಿತರಿಯಾಗಿ ಉದುರುತ್ತದೆ. ಕೋಣೆಯೂ ಮಾಂಸವೂ ತಣ್ಣಗಿದ್ದು ಹಲ್ಲು ಹರಿತವಾಗಿದ್ದರೆ ಅರ್ಧ ಶುಚಿತ್ವ ತಾನಾಗಿಯೇ ಆಗುತ್ತದೆ. ಮೊಂಡು ಪಟ್ಟಿ ತಿಕ್ಕಾಟದಿಂದ ಬಿಸಿಯಾಗಿ ಕೊಬ್ಬನ್ನು ಕರಗಿಸುತ್ತದೆ.

ಓಡುವ ಪಟ್ಟಿಯನ್ನು ಬಟ್ಟೆಯಿಂದ ಒರೆಸಲು ಹೋಗುವುದಂತೂ ಕೈಯನ್ನೇ ಒಪ್ಪಿಸಿದಂತೆ. ಸ್ವಿಚ್ ಆರಿಸಿದ ಮೇಲೂ ಬ್ರೇಕ್ ಇಲ್ಲದ ಗರಗಸ ಕೆಲಹೊತ್ತು ತಿರುಗುತ್ತಲೇ ಇರುತ್ತದೆ. ತಂತಿ ನೇಯ್ದ ಕೈಗವಸು ಬಿಚ್ಚಿದ ಪಟ್ಟಿಯನ್ನು ಹಿಡಿಯಲು ನೆರವಾದೀತು. ಓಡುವ ಹಲ್ಲಿನ ಮುಂದೆ ಅದು ರಕ್ಷಣೆಯಲ್ಲ.

ಗಡಿಯಾರ ಮತ್ತು ಥರ್ಮಾಮೀಟರ್

ಸ್ಕ್ರೇಪರ್ ಕಣ್ಣಿಗೆ ಕಾಣುವ ಕೊಳೆಯನ್ನು ತೆಗೆಯುತ್ತದೆ, ಸೂಕ್ಷ್ಮಜೀವಿಗಳನ್ನಲ್ಲ. ಅದಕ್ಕೆ ಯಂತ್ರ ನಿಲ್ಲಿಸಿ ತೊಳೆಯಲೇಬೇಕು. ಎಷ್ಟು ಹೊತ್ತಿಗೊಮ್ಮೆ? ಅಮೆರಿಕದ ಎಫ್‌ಡಿಎ ಸಿದ್ಧಪಡಿಸುವ ಫುಡ್ ಕೋಡ್ ಇದಕ್ಕೆ ಉತ್ತರ ಕೊಡುತ್ತದೆ. ಇದು ಮಾದರಿ ಸಂಹಿತೆ. ರಾಜ್ಯಗಳು ತಮ್ಮ ತಮ್ಮ ರೂಪದಲ್ಲಿ ಅಳವಡಿಸಿಕೊಳ್ಳುತ್ತವೆ. ಅದರ ಪ್ರಕಾರ ಹಸಿಮಾಂಸ ತಾಗುವ ಉಪಕರಣವನ್ನು ಸಾಮಾನ್ಯ ಕೋಣೆಯಲ್ಲಿ ಕನಿಷ್ಠ 4 ಗಂಟೆಗೊಮ್ಮೆ ಶುಚಿ ಮಾಡಬೇಕು. ತಂಪು ಕೋಣೆಯಲ್ಲಿ ಅವಧಿ ಹೆಚ್ಚು: 55 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ 10 ಗಂಟೆ, 50ರವರೆಗೆ 16, 45ರವರೆಗೆ 20, 41 ಅಥವಾ ಅದಕ್ಕಿಂತ ಕಡಿಮೆಯಾದರೆ 24 ಗಂಟೆ.

ಈ ಏಣಿಯ ಹಿಂದಿನ ತರ್ಕ ಸರಳ: ಚಳಿ ಹೆಚ್ಚಿದಷ್ಟೂ ಬ್ಯಾಕ್ಟೀರಿಯಾ ನಿಧಾನವಾಗಿ ಬೆಳೆಯುತ್ತವೆ. ನಿಧಾನ ಅಷ್ಟೇ, ನಿಲ್ಲುವುದಿಲ್ಲ. ಗರ್ಭಿಣಿಯರಿಗೂ ವೃದ್ಧರಿಗೂ ಅಪಾಯಕಾರಿಯಾದ ಲಿಸ್ಟೀರಿಯಾ ಫ್ರಿಜ್ಜಿನೊಳಗೂ ಬೆಳೆಯಬಲ್ಲದು. ಹೀಗಾಗಿ 24 ಗಂಟೆಗೂ ಮುಕ್ತಾಯವಿದೆ.

ಅದೇ ಸಂಹಿತೆ ಇನ್ನೊಂದು ಮಾತು ಹೇಳುತ್ತದೆ: ಒಂದು ಬಗೆಯ ಹಸಿಮಾಂಸದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಉಪಕರಣ ತೊಳೆಯಬೇಕು. ಮುಂದಿನ ಮಾಂಸ ಹಿಂದಿನದಕ್ಕಿಂತ ಹೆಚ್ಚು ಉಷ್ಣತೆಯಲ್ಲಿ ಬೇಯಬೇಕಾದದ್ದಾಗಿದ್ದರೆ, ಉದಾಹರಣೆಗೆ ದನದ ಮಾಂಸದ ನಂತರ ಕೋಳಿ ಬಂದರೆ, ವಿನಾಯಿತಿ ಉಂಟು. ಈ ವಿನಾಯಿತಿಯ ಲೆಕ್ಕ ಸೂಕ್ಷ್ಮಜೀವಿಗಳದ್ದು, ನಮ್ಮ ಆಚಾರದ್ದಲ್ಲ. ದನದ ಅಥವಾ ಹಂದಿಯ ಮಾಂಸ ಮುಟ್ಟದ ಮನೆಯವರು ಗರಗಸದ ಮೇಲೆ ಮೊದಲು ಏನು ಕತ್ತರಿಸಿದ್ದರು ಎಂದು ಅಂಗಡಿಯಲ್ಲಿ ತಾವೇ ಕೇಳಬೇಕು.

ನಿಲ್ಲಿಸಿ ತೊಳೆಯುವ ಕ್ರಮ

ಮೊದಲು ವಿದ್ಯುತ್ ಸಂಪರ್ಕ ತೆಗೆದು, ಯಾರೂ ಅರಿಯದೆ ಮತ್ತೆ ಚಾಲೂ ಮಾಡದಂತೆ ಬೀಗ ಹಾಕಬೇಕು. ಪಟ್ಟಿ, ಸ್ಕ್ರೇಪರ್, ತಟ್ಟೆ ಮತ್ತು ಬಿಚ್ಚಲು ಬರುವ ಚಕ್ರಗಳನ್ನು ಹೊರತೆಗೆದು ಪುಡಿಯನ್ನು ಒಣಗಿದ್ದಂತೆಯೇ ಕೆರೆಯಬೇಕು. ಆಮೇಲೆ ಉಗುರುಬೆಚ್ಚಗಿನ ನೀರು. ಮೊದಲೇ ಕುದಿನೀರು ಸುರಿದರೆ ರಕ್ತದ ಪ್ರೋಟೀನು ಬೆಂದು ಲೋಹಕ್ಕೆ ಹಿಡಿದುಕೊಳ್ಳುತ್ತದೆ. ಹಾಲಿನ ಪಾತ್ರೆ ತಳಹಿಡಿದಂತೆ. ನಂತರ ಡಿಟರ್ಜೆಂಟ್ ಹಾಕಿ ಉಜ್ಜುವುದು, ಜಾಲಿಸುವುದು, ದೀಪ ಹಿಡಿದು ನೋಡುವುದು. ಕೊನೆಗೆ ಸ್ಯಾನಿಟೈಸರ್, ಗಾಳಿಗೆ ಒಣಗಿಸುವುದು.

ಈ ಅನುಕ್ರಮವನ್ನು ತಿರುವುಮುರುವು ಮಾಡುವಂತಿಲ್ಲ. ಕೊಬ್ಬು, ರಕ್ತ ಉಳಿದಿದ್ದರೆ ಕ್ಲೋರಿನ್ ಅವುಗಳ ಜೊತೆಯೇ ಸೆಣಸಿ ಮುಗಿದುಹೋಗುತ್ತದೆ. ಬ್ಯಾಕ್ಟೀರಿಯಾದವರೆಗೆ ತಲುಪುವುದೇ ಇಲ್ಲ. ದಿನಗಟ್ಟಲೆ ಉಳಿದ ಕೊಳೆಯಲ್ಲಿ ಅವು ಬಯೋಫಿಲ್ಮ್ ಎಂಬ ಲೋಳೆಪದರ ಕಟ್ಟಿಕೊಂಡು ಅದರಡಿ ಅಡಗುತ್ತವೆ. ಉಜ್ಜದೆ ಅದು ಹೋಗದು.

ಬೆನ್ನುಹುರಿ ಕಲಿಸಿದ ಪಾಠ

ಕಸಾಯಿಖಾನೆಯಲ್ಲಿ ದನದ ದೇಹವನ್ನು ಬೆನ್ನೆಲುಬಿನ ಉದ್ದಕ್ಕೂ ಎರಡಾಗಿ ಸೀಳುವ ಗರಗಸಗಳಿವೆ. ಒಂದು ದೇಹಕ್ಕೂ ಇನ್ನೊಂದಕ್ಕೂ ನಡುವೆ ಉಪಕರಣಗಳನ್ನು 82 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಿಂದ ಶುದ್ಧಿ ಮಾಡುವ ರೂಢಿ ಹಳೆಯದು. 1986ರಲ್ಲಿ ಬ್ರಿಟನ್ನಿನಲ್ಲಿ ಗುರುತಿಸಲಾದ ಹುಚ್ಚುಹಸು ರೋಗ ಈ ನೆಮ್ಮದಿಯನ್ನು ಕಲಕಿತು. 1996ರಲ್ಲಿ ಅದಕ್ಕೂ ಮನುಷ್ಯರ ಮೆದುಳಿನ ಕಾಯಿಲೆಗೂ ನಂಟಿರುವ ಸಂಭವವನ್ನು ಅಲ್ಲಿನ ಸರ್ಕಾರ ಒಪ್ಪಿತು. ರೋಗಕಾರಕ ಪ್ರಿಯಾನ್ ಜೀವಿಯಲ್ಲ, ರೂಪಗೆಟ್ಟ ಪ್ರೋಟೀನು. ಬಿಸಿನೀರಿಗೆ ಅದು ನಾಶವಾಗದು. ಒಂದು ದನದ ಬೆನ್ನುಹುರಿಯ ಅಂಶ ಗರಗಸದಲ್ಲಿ ಉಳಿದು ಮುಂದಿನ ದೇಹಗಳಿಗೆ ಹೋಗುತ್ತದೆ ಎಂಬುದನ್ನು ಸಂಶೋಧನೆಗಳು ತೋರಿಸಿದವು.

2003ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಅಮೆರಿಕದ ಮೊದಲ ಪ್ರಕರಣ ಪತ್ತೆಯಾಯಿತು. ಮರುತಿಂಗಳೇ ಕೃಷಿ ಇಲಾಖೆ ನಿಯಮ ತಂದಿತು: 30 ತಿಂಗಳು ಮೀರಿದ ದನದ ಮೆದುಳು, ಬೆನ್ನುಹುರಿಯಂಥ ಭಾಗಗಳು ಆಹಾರಕ್ಕೆ ಬರುವಂತಿಲ್ಲ. ಅಂಥ ಭಾಗಗಳನ್ನು ಸೀಳಿದ ಗರಗಸವನ್ನು ಎಳೆಯ ದನಗಳಿಗೆ ಬಳಸುವ ಮುನ್ನ ತೊಳೆದು ಶುದ್ಧಿ ಮಾಡಬೇಕು, ಇಲ್ಲವೇ ಬೇರೆ ಗರಗಸವನ್ನೇ ಇಡಬೇಕು. ಬಿಸಿನೀರು ಕೊಲ್ಲದ್ದನ್ನು ಉಜ್ಜಿ ತೆಗೆಯಬೇಕು.

ಯಾರ ಕೈ?

ಅಮೆರಿಕದ ಕಾರ್ಮಿಕ ಕಾನೂನಿನಂತೆ 18 ವರ್ಷ ತುಂಬದವರು ವಿದ್ಯುತ್ ಮಾಂಸ ಗರಗಸವನ್ನು ನಡೆಸುವಂತಿಲ್ಲ, ತೊಳೆಯುವಂತೆಯೂ ಇಲ್ಲ. ಸಣ್ಣ ಅಂಗಡಿಗೂ ಇದು ಅನ್ವಯ. ಆದರೂ 2023ರ ಫೆಬ್ರುವರಿಯಲ್ಲಿ ಕಾರ್ಮಿಕ ಇಲಾಖೆ ಪ್ರಕಟಿಸಿದ ಒಂದು ಪ್ರಕರಣದಲ್ಲಿ, 13ರಿಂದ 17 ವಯಸ್ಸಿನ 102 ಮಕ್ಕಳು 8 ರಾಜ್ಯಗಳ 13 ಮಾಂಸ ಕಾರ್ಖಾನೆಗಳಲ್ಲಿ ಅಪಾಯಕಾರಿ ಶುಚಿ ಕೆಲಸಕ್ಕೆ ನೇಮಕವಾಗಿದ್ದದ್ದು ಬಯಲಾಯಿತು. ಅವರು ತೊಳೆಯುತ್ತಿದ್ದ ಯಂತ್ರಗಳಲ್ಲಿ ಗರಗಸಗಳೂ ಇದ್ದವು. ಗುತ್ತಿಗೆ ಕಂಪನಿ 15 ಲಕ್ಷ ಡಾಲರ್ ದಂಡ ತೆತ್ತಿತು. ರಜೆಯಲ್ಲಿ ಅಂಗಡಿ ಕೆಲಸಕ್ಕೆ ಹೋಗುವ ಹೈಸ್ಕೂಲು ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಅವರಿಗೆ ಈ ನಿಯಮ ಗೊತ್ತಿರಲಿ.

ನಮ್ಮ ಅಡುಗೆಮನೆಗೆ ಬಂದಾಗ

ನಾವು ಮಾಡುವ ಮಟನ್ ಸಾರು ಗಂಟೆಗಟ್ಟಲೆ ಕುದಿಯುತ್ತದೆ. ಹೆಚ್ಚಿನ ಬ್ಯಾಕ್ಟೀರಿಯಾ ಅದರಲ್ಲಿ ಬದುಕವು. ಅಪಾಯ ಹೆಚ್ಚಾಗಿ ಇರುವುದು ಪಾತ್ರೆಯೊಳಗಲ್ಲ, ಅದರ ಆಚೆಗೆ: ಕೈ, ಮಣೆ, ಸಿಂಕು. ಹಸಿಮಾಂಸ ಇಟ್ಟ ಮಣೆಯ ಮೇಲೇ ಕೋಸಂಬರಿಗೆ ಸೌತೆಕಾಯಿ ಹೆಚ್ಚಿದರೆ, ಆ ಕೋಸಂಬರಿಯನ್ನು ಯಾವ ಬೆಂಕಿಯೂ ಕಾಯುವುದಿಲ್ಲ. ಮಾಂಸವನ್ನು ನಲ್ಲಿಯಡಿ ತೊಳೆಯುವುದು ನಮ್ಮ ರೂಢಿ. ಹನಿ ಸಿಡಿದು ಸೋಂಕು ಹರಡುವುದರಿಂದ ಇಲ್ಲಿನ ಕೃಷಿ ಇಲಾಖೆ ಅದನ್ನು ಬೇಡವೆನ್ನುತ್ತದೆ. ಮೂಳೆಪುಡಿಯನ್ನು ಕಾಗದದ ಟವೆಲಿನಿಂದ ಒರೆಸಿ ತೆಗೆದು, ಮೊದಲ ಕುದಿಗೆ ಮೇಲೇಳುವ ನೊರೆಯನ್ನು ಸೌಟಿನಿಂದ ತೆಗೆದರೆ ಸಾಕು.

ಮುಂದಿನ ಸಲ ಅಂಗಡಿಗೆ ಹೋದಾಗ ಗರಗಸದ ಕಡೆ ಒಮ್ಮೆ ಕಣ್ಣು ಹಾಯಿಸಿ. ಬಾಗಿಲ ಸಂದಿನಲ್ಲಿ ಹಳದಿ ಕೊಬ್ಬು ಗಟ್ಟಿಕಟ್ಟಿದೆಯೇ? ಹುಳಿವಾಸನೆ ಇದೆಯೇ? "ಇದನ್ನು ಕೊನೆಯ ಬಾರಿ ತೊಳೆದದ್ದು ಯಾವಾಗ?" ಎಂದು ಕೇಳಿ. ಶುಚಿಯಾಗಿ ಇಡುವ ಅಂಗಡಿಯವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಗಂಟೆ ಹೇಳಿಯೇ ಉತ್ತರಿಸುತ್ತಾರೆ.